ದಾರಿಹೋಕನನ್ನು ತಂದವರು ನಾವು

ಕಣಗಲಾ ಸಾಲೆಯ ನನ್ನ ಅತ್ತೆಗೆ,

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಗೋಕಾಕದಲ್ಲಿ ಮೂವತ್ತು ಮಂದಿ ಕುಳಿತು ನಿನ್ನ ಪುಸ್ತಕದ ಬಗ್ಗೆ ಅಭಿಪ್ರಾಯ ಹೇಳಿದರು. ಹೌದು, ಅದೇ ‘ಕೆರೆದಂಡೆಯ ಸೈಕಲ್’. ನೀನು ಕಲಿಸುತ್ತಿದ್ದ ಸಾಲೆಯ ಹುಡುಗಿಯರಿಗಾಗಿ ಬರೆದ ಒಂದೇ ಒಂದು ಪತ್ತೇದಾರಿ ಕಾದಂಬರಿ. ನಲವತ್ತು ವರ್ಷದ ಹಿಂದಿನ ಒಂದು ಪ್ರತಿ ಯಾರದೋ ಅಟ್ಟದಲ್ಲಿ ಸಿಕ್ಕಿತಂತೆ. ಅದರ ಪುಟಗಳ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿ, ಓದುಗರ ಬಳಗವೊಂದು ಸಭೆಯನ್ನೇ ಕರೆಯಿತು. ನೀನು ಬದುಕಿದ್ದಾಗ ಒಬ್ಬರೂ ಒಂದು ಕಾರ್ಡು ಬರೆದವರಲ್ಲ. ಈಗ ನೋಡು, ಎಲ್ಲರ ಬಾಯಲ್ಲೂ ಅಭಿಪ್ರಾಯ.

ಮೊದಲು ಎದ್ದವನು ಒಬ್ಬ ನಿವೃತ್ತ ಪ್ರಾಧ್ಯಾಪಕ. ಮುಕ್ಕಾಲು ಗಂಟೆ ಮಾತಾಡಿದ. ಅವನ ಜೆರಾಕ್ಸ್ ಪ್ರತಿಯಲ್ಲಿ ನಾಲ್ಕನೆಯ ಅಧ್ಯಾಯದಿಂದಾಚೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು. “ಹೆಣ್ಮಗಳು ಬರದದ್ದಂದ್ರ ಛಲೋನ ಐತಿ” ಎಂದು ಮುಗಿಸಿ ಚಪ್ಪಾಳೆಗೆ ಕಾದ. ಚಪ್ಪಾಳೆಯೂ ಬಿತ್ತು. ಆಮೇಲೆ ಮೊಬೈಲಿನಲ್ಲಿ ವಿಮರ್ಶೆ ಬರೆಯುವ ಒಬ್ಬ ಎದ್ದ. “ಒಂದ ಫೋನ್ ಇದ್ದಿದ್ದರ ಎರಡನೇ ಅಧ್ಯಾಯಕ್ಕ ಕಥಿ ಮುಗೀತಿತ್ತಲ್ರಿ” ಎಂದ. ನಿನ್ನ ಕಥೆಯ ಹುಡುಗಿ ನಾಗವ್ವನಿಗೆ ರೆಕ್ಕೆ ಇದ್ದಿದ್ದರೆ ಮೊದಲನೆಯದರಲ್ಲೇ ಮುಗಿಯುತ್ತಿತ್ತು. ಐದರಲ್ಲಿ ಎರಡು ನಕ್ಷತ್ರ ಕೊಟ್ಟನಂತೆ ಮಹಾಶಯ, ಅದರಲ್ಲೂ ಒಂದು ಮುಖಪುಟದ ಸೈಕಲ್ ಚಿತ್ರಕ್ಕೆ.

ಹುಕ್ಕೇರಿಯಿಂದ ಬಂದಿದ್ದ ಒಬ್ಬಾಕೆಯ ಮಾತು ಕೇಳು. ಗೆಳತಿ ಕೆರೆಯಲ್ಲಿ ಹೆಣವಾಗಿ ಸಿಕ್ಕ ಮೇಲೆ ಒಂಬತ್ತನೆಯ ತರಗತಿಯ ನಾಗವ್ವ ಒಬ್ಬಳೇ ದಂಡೆಗೆ ಹೋಗಿ ಕುರುಹು ಹುಡುಕುತ್ತಾಳಲ್ಲ, ಅದು ಕೆಟ್ಟ ಸಂಸ್ಕಾರವಂತೆ. “ಹೆಣ್ಣ ಹುಡುಗಿ ಹಂಗ ಅಡ್ಡ್ಯಾಡೂದನ್ನ ನಮ್ಮ ಮಕ್ಕಳು ಓದಬೇಕೇನ್ರಿ?” ಹುಡುಗಿಯನ್ನು ಕೆರೆಗೆ ನೂಕಿದವನ ಬಗ್ಗೆ ಆಕೆಗೆ ಯಾವ ತಕರಾರೂ ಇರಲಿಲ್ಲ.

ಎಲ್ಲರೂ ಒಪ್ಪಿದ್ದು ಒಂದೇ ಮಾತು. ಹನ್ನೊಂದು ಅಧ್ಯಾಯ ಮನೆಯವರ ಮೇಲೆ ಸಂಶಯ ಬೆಳೆಸಿ, ಹನ್ನೆರಡನೆಯದರಲ್ಲಿ ಎಲ್ಲಿಂದಲೋ ಬಂದ ದಾರಿಹೋಕನಿಗೆ ಕೋಳ ತೊಡಿಸಿದ್ದು ಓದುಗರಿಗೆ ಮಾಡಿದ ಮೋಸ ಎಂದರು. ಆ ದಿನ ಅವರಾಡಿದ ಒಂದೇ ಖರೆ ಮಾತು ಅದು. ಅದಕ್ಕೇ ಅವರ ಮೇಲೆ ನನಗೆ ಇನ್ನಷ್ಟು ಸಿಟ್ಟು ಬಂತೇನೋ.

ಮಮದಾಪುರದ ಮನೆಯ ಆ ಮಧ್ಯಾಹ್ನ ನನಗೆ ಹದಿನೈದು ವರ್ಷ. ಅಚ್ಚಿಗೆ ಮುಟ್ಟಿಸಲೆಂದು ನೀನು ಹಸ್ತಪ್ರತಿಯನ್ನು ತಮ್ಮನ ಕೈಗೆ, ಅಂದರೆ ನನ್ನಪ್ಪನ ಕೈಗೆ ಕೊಟ್ಟು ಕಣಗಲಾದ ಬಸ್ಸು ಹತ್ತಿದ್ದೆ. ಅಪ್ಪ ಕೊನೆಯ ಹಾಳೆಗಳನ್ನು ಓದಿ ನನ್ನನ್ನು ಕರೆದ. “ನಿನ್ನ ಅಕ್ಷರ ನಿಮ್ಮತ್ತಿ ಅಕ್ಷರದಂಗ ಅದಾವ. ಕೂಡು, ನಾ ಹೇಳಿದ್ದು ಬರಿ.” ನೀನು ಬರೆದದ್ದರಲ್ಲಿ ನಾಗವ್ವ ಜನ ತುಂಬಿದ ಪಡಸಾಲೆಯಲ್ಲಿ ನಿಂತು ತನ್ನ ಕಾಕಾನ ಹೆಸರು ಹೇಳುತ್ತಾಳೆ. ಸಣ್ಣವಳಿದ್ದಾಗ ನಿನ್ನ ಜೊತೆ ಸಾಲೆಗೆ ಹೋಗುತ್ತಿದ್ದ ಗೌರವ್ವ ಕೆರೆಯಲ್ಲಿ ಸತ್ತಾಗ, ಕಾಲು ಜಾರಿತು ಎಂದು ಊರು ಮಾತು ಮುಗಿಸಿತ್ತು. ನೀನು ಪುಸ್ತಕ ಬರೆಯುವಾಗ ನಿನಗೂ ಅಪ್ಪನಿಗೂ ಕಾಕಾ ಆದವನು ಇನ್ನೂ ಬದುಕಿದ್ದ, ಊರಿಗೆ ದೊಡ್ಡವನಾಗಿದ್ದ. ನೀನು ಬರೆದದ್ದು ಕಥೆಯೋ, ಅಥವಾ... ಅಪ್ಪನಿಗೆ ಉತ್ತರ ಗೊತ್ತಿತ್ತು. ಇಲ್ಲದಿದ್ದರೆ ಅಷ್ಟು ಬೆವರುತ್ತಿರಲಿಲ್ಲ. ದಾರಿಹೋಕನನ್ನು ಅವನು ಹುಟ್ಟಿಸಿದ, ನಾನು ಬರೆದೆ. ನಿನ್ನ ಹಾಳೆಗಳನ್ನು ಎರಡು ಸಲ ಓದಿ, ನೀರಿನ ಹಂಡೆಯ ಒಲೆಗೆ ಹಾಕಿದವಳೂ ನಾನೇ.

ಪುಸ್ತಕ ಬಂದ ದಿನ ನೀನು ನಿಂತುಕೊಂಡೇ ಕೊನೆಯ ಪುಟ ತೆರೆದೆ. ಓದಿ ಮುಚ್ಚಿದೆ. “ಅಚ್ಚಿನ್ಯಾಗ ಏನೋ ತಪ್ಪಾಗೇತಿ” ಎಂದಷ್ಟೇ ಅಂದೆ. ಅಪ್ಪ ಚಹಾ ಕುಡಿಯುತ್ತಿದ್ದ. ನಾನು ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದೆ. ಆಮೇಲೆ ನೀನು ಒಂದು ಸಾಲೂ ಬರೆಯಲಿಲ್ಲ. ನನ್ನನ್ನು ಯಾಕೆ ಕೇಳಲಿಲ್ಲ, ಅತ್ತೆ? ಕೇಳಿದ್ದರೆ ಹೇಳುತ್ತಿದ್ದೆನೇ?

ಸಭೆ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ತುಕ್ಕಾನಟ್ಟಿಯ ನೀಲವ್ವ ಎದ್ದಳು. ಕುರಿ ಕಾಯುವವರ ಮನೆಯವಳು, ಮೂಡಲಗಿಯಲ್ಲಿ ಒಂಬತ್ತನೆಯ ತರಗತಿ. “ಕಾಕಾನ ಮಾಡ್ಯಾನ್ರಿ” ಎಂದಳು. “ಹೊಲಕ್ಕ ಹೋಗಿದ್ದೆ ಅಂತಾನ. ಅವನ ಹೊಲ ಮಸಾರಿ, ಕೆಂಪ ಮಣ್ಣು. ಐದನೇ ಅಧ್ಯಾಯದಾಗ ಅವನ ಧೋತರಕ್ಕ ಹತ್ತಿದ್ದು ಕರೀ ರಾಡಿ. ಅದು ಕೆರೀದು. ಇಷ್ಟೆಲ್ಲಾ ಬರದು ಕಡೀಕ ಅಂಜ್ಯಾರ ನೋಡ್ರಿ, ಬರದವ್ರು.”

ಪ್ರಾಧ್ಯಾಪಕ ನಕ್ಕ. “ಸಣ್ಣಾಕಿ ಅದಿ, ಕೂಡವಾ.”

ಆಗ ನನ್ನಿಂದ ಕೂತಿರಲಾಗಲಿಲ್ಲ. ಎದ್ದು, “ಬರದಾಕಿ ಅಂಜಿಲ್ಲ, ಅಂಜಿದಾಕಿ ನಾನು” ಎಂದೆ. ಎಲ್ಲ ಹೇಳಿದೆ. ಅಪ್ಪನ ಮಾತು, ನನ್ನ ಅಕ್ಷರ, ಒಲೆ, ಗೌರವ್ವ. ಮೂವತ್ತು ಅಭಿಪ್ರಾಯಗಳೂ ಒಮ್ಮೆಲೇ ಬಾಯಿ ಮುಚ್ಚಿದವು. ಹುಕ್ಕೇರಿಯಾಕೆ ಮಾತ್ರ, “ಮನಿ ಮಾತು ಹೊರಗ್ಯಾಕ ತರ್ತೀರಿ?” ಎಂದು ಗೊಣಗಿದಳು. ನೀಲವ್ವ ಅವಳ ಕಡೆ ತಿರುಗಲೂ ಇಲ್ಲ. “ಎರಡ ಸಲ ಓದೀನಿ ಅಂದ್ರಲ್ರಿ. ಹಂಗಾದ್ರ ನೆನಪಿರಬೇಕಲ್ರಿ?”

ನೆನಪಿತ್ತು. ನಲವತ್ತು ವರ್ಷ ಮರೆಯಲು ಹೆಣಗಿದ್ದು ಮರೆತುಹೋಗುತ್ತದೆಯೇ? ಎಂಟು ದಿನ ಕುಳಿತು ನಿನ್ನ ಕೊನೆಯ ಅಧ್ಯಾಯವನ್ನು ಬರೆದೆ. ನಿನ್ನ ಮಾತುಗಳು ನೆನಪಾದಲ್ಲಿ ನಿನ್ನವು. ಆಗದ ಕಡೆ ಜಾಗ ಖಾಲಿ ಬಿಟ್ಟೆ, ನನ್ನದೇನನ್ನೂ ತುಂಬಲಿಲ್ಲ.

ಅದನ್ನು ಮೊದಲು ಮಮದಾಪುರಕ್ಕೆ ಒಯ್ದು ಅಪ್ಪನ ಮುಂದೆ ಓದಿದೆ. ಎಂಬತ್ತು ದಾಟಿದರೂ ಕಿವಿ ಚುರುಕಾಗಿದೆ. ಪೂರ್ತಿ ಕೇಳಿ, “ಸಭಾದಾಗ ಮಂದಿ ಏನಂದ್ರು?” ಎಂದ. ಸತ್ತ ಹುಡುಗಿಯ ಕಥೆ ಕೇಳಿದ ಮೇಲೆ ಅವನಿಗೆ ಬೇಕಾದದ್ದು ಅದು. “ಒಂಬತ್ತನೇ ಕ್ಲಾಸಿನ ಹುಡುಗಿಗೆ ಪೂರಾ ತಿಳಿದಿತ್ತಪ್ಪಾ” ಎಂದೆ.

“ಅಕ್ಕಗೂ ತಿಳಿದಿತ್ತು” ಎಂದ ಅಪ್ಪ. “ಅಚ್ಚಿನ ಮನಿಗೆ ಹೋಗಿ ಅಕ್ಷರ ನೋಡಿ ಬಂದಿದ್ಲು. ‘ಹುಡುಗಿ ಕೈಲೆ ಬರಸಿದ್ಯಲ್ಲ, ನಿನ್ನ ಕೈ ಸೆಟದಿತ್ತೇನು?’ ಅಂತ ಕೇಳಿದ್ಲು. ಆಮ್ಯಾಲೆ ನನ್ನ ಕೂಡ ಆ ಮಾತು ತಗೀಲಿಲ್ಲ.”

ಅಂದರೆ ಇಷ್ಟು ವರ್ಷ, ನನಗೆ ಎಣ್ಣೆ ಹಚ್ಚಿ ತಲೆ ಬಾಚುವಾಗಲೂ, ನಿನಗೆ ಗೊತ್ತಿದ್ದೇ...

ಇನ್ನು ಹೇಳಬೇಕಾದ ಸುದ್ದಿ. ನಿನ್ನ ಪುಸ್ತಕ ಮತ್ತೆ ಅಚ್ಚಿಗೆ ಹೋಗಿದೆ, ನಿನ್ನ ಹನ್ನೆರಡನೆಯ ಅಧ್ಯಾಯದೊಂದಿಗೆ, ಖಾಲಿ ಜಾಗಗಳೊಂದಿಗೆ. ಅಚ್ಚಾಗಿದ್ದ ಹಳೆಯ ಕೊನೆಯನ್ನು ಬರೆದದ್ದು ಯಾರು ಎಂಬುದನ್ನು ಹೆಸರು ಹಾಕಿ ಬರೆದುಕೊಟ್ಟಿದ್ದೇನೆ. ಪ್ರಾಧ್ಯಾಪಕ ಮುನ್ನುಡಿ ಬರೆಯುತ್ತೇನೆಂದು ಎರಡು ಸಲ ಫೋನ್ ಮಾಡಿದ. ಬೇಡವೆಂದೆ. ಅಚ್ಚಿಗೆ ಕೊಡುವ ಮೊದಲು ಕೊನೆಯ ಹಾಳೆಗಳನ್ನು ಒಬ್ಬಳಿಗೆ ಮಾತ್ರ ತೋರಿಸಿದೆ. ನೀಲವ್ವ ಅಂಗಳದಲ್ಲಿ ಕುಳಿತು ಓದಿ ಮುಗಿಸಿ, ಹಾಳೆಗಳನ್ನು ಸರಿಯಾಗಿ ಜೋಡಿಸಿ ಕೈಗೆ ಕೊಟ್ಟಳು.

“ಈಗ ಬರೋಬ್ಬರಿ ಆತ್ರಿ” ಎಂದಳು. “ಆದ್ರ ನಾಗವ್ವ ಇನ್ನೊಂದೀಟು ಜೋರಾಗಿ ಹೇಳಬೇಕಿತ್ತು.”

ನಿನ್ನ,
ಅಣ್ಣತಮ್ಮಂದಿರ ಮಕ್ಕಳಲ್ಲಿ ಅಕ್ಷರ ಚೆಂದ ಇದ್ದವಳು