ಖಾಲಿಯಾಗದ ಯಂತ್ರ

ಭಾನುವಾರ, ಮಧ್ಯಾಹ್ನ

ಮನೆಯವಳಿಗೆ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ, ಬೇರೆ ಮಾತು ಕೈಗೆ ಬರಲಿಲ್ಲ. ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ, ಹೆಸರು ತೆಗೆಸಿದಿರಾ ಎಂದು. ಹೌದು ಅಥವಾ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಕಾಗದ ಬೇಕಾಯಿತು.

ಯಂತ್ರ ಓಡುತ್ತಿದೆ. ನೀನಿದ್ದಾಗ ಮಾಡುತ್ತಿದ್ದ ಅದೇ ಗಾಲಿಕುರ್ಚಿಯ ಬ್ರೇಕಿನ ಹಿಡಿಗಳು. ನಮ್ಮ ಬೀದಿಯ ಅರ್ಧ ಮನೆಗಳಲ್ಲಿ ಈಗ ಹೀಗೆ ಪ್ಲಾಸ್ಟಿಕ್ ಕರಗಿಸಿ ಬಿಡಿಭಾಗ ಮಾಡುವ ತ್ರೀಡಿ ಪ್ರಿಂಟರ್ ಇದೆ. ಒಬ್ಬರು ಹಿಡಿ, ಒಬ್ಬರು ತಿರುಪು, ಒಬ್ಬರು ಮುಚ್ಚಳ. ಇಡೀ ಕುರ್ಚಿಯನ್ನು ಯಾರೂ ಕಂಡಿಲ್ಲ. ಫೋನಿನಲ್ಲಿ ಎಲ್ಲ ಮನೆಗಳಿಗೂ ಕಾಣುವ ಕೆಲಸದ ಖಾತೆಯಲ್ಲಿ ನಮ್ಮ ಹಿಡಿಗಳ ಮುಂದೆ ಈಗಲೂ ನಿನ್ನ ಹೆಸರೇ ಬೀಳುತ್ತದೆ. ಖಾತೆಯ ಪ್ರಕಾರ, ಮನೆ ಬಿಟ್ಟ ಮೇಲೆ ನೀನು ಒಂದು ದಿನವೂ ರಜೆ ಹಾಕಿಲ್ಲ.

ನಿಯಮ ನಿನಗೆ ಗೊತ್ತಿರುವುದೇ. ಒಂದು ಹೆಸರು ಒಂದೇ ಯಂತ್ರಕ್ಕೆ. ಇಲ್ಲಿ ತೆಗೆಯದೆ ನಿನ್ನ ಅಕ್ಕನ ಮನೆಯ ಯಂತ್ರ ನಿನ್ನದಾಗುವುದಿಲ್ಲ. ನಾಳೆ ಸಂಜೆಯೊಳಗೆ ಆಗದಿದ್ದರೆ ಆ ಜಾಗ ಇನ್ನೊಬ್ಬರ ಪಾಲು. ನನ್ನ ಒಪ್ಪಿಗೆ, ಬೀದಿಯ ಎರಡು ಮನೆಗಳ ಸಾಕ್ಷಿ, ಅಷ್ಟು ಸಾಕು. ಆದರೆ ಯಂತ್ರದ ಮೇಲೆ ಕೆಲಸವಿರುವಾಗ ಹೆಸರು ತೆಗೆಯಲು ಬರುವುದಿಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು ಬಂದು ಕೂತಿರುತ್ತದೆ. ನಾನೇನು ಮಾಡಲಿ?

ಸಾಕ್ಷಿಗೆಂದು ಎದುರುಮನೆಯ ಟೈಲರಮ್ಮನೂ ಕೊನೆಮನೆಯ ವಾಚ್ ರಿಪೇರಿ ಮಾವನೂ ಎಷ್ಟೋ ಸಲ ಬಂದು, ಕಾದು, ಟೀ ಕುಡಿದು ಹೋದರು. ನಿನ್ನೆ ಮಾವ ಪ್ಲಾಸ್ಟಿಕ್ ದಾರ ಇಳಿಯುವುದನ್ನೇ ನೋಡುತ್ತ ತೂಕಡಿಸಿದರು. ಎಚ್ಚರವಾದಾಗ, ಇಷ್ಟೊಂದು ಗಾಲಿಕುರ್ಚಿ ಯಾರಿಗಪ್ಪಾ, ಊರಿಗೆ ಊರೇ ಕಾಲು ಮುರಿದುಕೊಂಡಿದೆಯಾ ಎಂದು ಕೇಳಿದರು. ನಾನೂ ನಕ್ಕೆ.

ಟೈಲರಮ್ಮ ನಗಲಿಲ್ಲ. ಗಂಡನ ಕಾಟಕ್ಕೆ ಮನೆ ಬಿಟ್ಟವರನ್ನು ಕಂಡಿದ್ದೇನೆ, ಕಿಟಕಿಗಾಗಿ ಬಿಟ್ಟವಳು ಇವಳೊಬ್ಬಳೇ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗುವವಳು, ನನ್ನೆದುರು ಲೋಟ ಕೆಳಗಿಟ್ಟು ಹೇಳಿದಳು: "ಅವಳೇನು ಮನೆ ಕೇಳಿದ್ಲಾ, ಒಡವೆ ಕೇಳಿದ್ಲಾ? ಅವಳ ಹೆಸರನ್ನ ಅವಳಿಗೆ ಕೊಡಿ ಅಂದ್ಲು. ಅದಕ್ಕೂ ನಿಮಗೆ ಕೈ ಬರಲ್ವಲ್ಲ, ಅಣ್ಣ."

"ಕೆಲಸ ಮುಗೀಲಿ" ಎಂದೆ.

ಹೇಳಿದ ಮೇಲೆ ಹೊಳೆಯಿತು, ನಿನಗೂ ಇದನ್ನೇ ಹೇಳುತ್ತಿದ್ದೆ. ಯಂತ್ರದ ಪ್ಲಾಸ್ಟಿಕ್ ವಾಸನೆ ತಡೆಯದೆ, ಮಲಗುವ ಕೋಣೆಯ ಕಿಟಕಿ ತೆಗೆಯುತ್ತೇನೆ ಎಂದು ನೀನು ಎದ್ದಾಗಲೆಲ್ಲ, ಗಾಳಿ ತಗುಲಿದರೆ ಹಿಡಿಯ ಅಂಚು ಮೇಲೇಳುತ್ತದೆ, ಇದೊಂದು ಮುಗಿಯಲಿ ಎನ್ನುತ್ತಿದ್ದೆ. ನೀನು ಮತ್ತೆ ಮಲಗುತ್ತಿದ್ದೆ. ಅದನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ.

ನನ್ನ ಕೈಯಲ್ಲಿ ಹಿಡಿಗಳು ಒರಟಾಗುತ್ತವೆ. ನಿನ್ನ ಹೆಸರು ಕೆಡಬಾರದೆಂದು ಒಂದೊಂದನ್ನೂ ಉಪ್ಪುಕಾಗದದಿಂದ ಉಜ್ಜುತ್ತೇನೆ. ನೀನು ಇಲ್ಲಿದ್ದಾಗ ನಿನ್ನ ಹೆಸರಿಗೆ ಇಷ್ಟು ಮರ್ಯಾದೆ ಕೊಟ್ಟ ನೆನಪಿಲ್ಲ. ಯಂತ್ರ ನಿಂತರೆ ಈ ಕೋಣೆಯಲ್ಲಿ ಏನು ಕೇಳಿಸುತ್ತದೋ, ಅದೂ ಗೊತ್ತಿಲ್ಲ.

ನಿನ್ನ ಅಕ್ಕನಿಗೆ ಹೇಳು, ಬೇಕೆಂದು ತಡಮಾಡುತ್ತಿಲ್ಲ. ಕೆಲಸ ಬಿಡುತ್ತಿಲ್ಲ, ಅಷ್ಟೆ.

ಉತ್ತರಕ್ಕೆ ಹೆದರುವ,
ನಿನ್ನ ಗಂಡ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಹೊರಗಿನಿಂದ ಬರುತ್ತಿದ್ದ ಕೆಲಸ ನೀನು ಹೋದ ವಾರವೇ ನಿಂತಿತು. ಈಗ ಹಿಡಿಗಳು ಬೇಕೆಂದು ಕೇಳುತ್ತಿರುವವನು ನಾನೇ. ಕೇಳಿದವರು ಯಾರೆಂದು ಖಾತೆಯಲ್ಲಿ ಬೇರೆ ಮನೆಗಳಿಗೆ ಕಾಣುವುದಿಲ್ಲ. ಒಂದು ಮುಗಿಯುತ್ತ ಬಂದಾಗ ನನ್ನ ಫೋನಿನಿಂದ ಇನ್ನೊಂದನ್ನು ಕೇಳುತ್ತೇನೆ, ನಿನ್ನ ಹೆಸರಿನಲ್ಲಿ ಒಪ್ಪಿಕೊಳ್ಳುತ್ತೇನೆ. ನಾಳೆ ಸಂಜೆ ದಾಟುವಷ್ಟು ಆಗಲೇ ಕೇಳಿಯಾಗಿದೆ. ಮುಗಿದ ಹಿಡಿಗಳಿಗೆ ಮಂಚದ ಕೆಳಗೆ ಜಾಗವಿಲ್ಲ. ಈಗ ಮಂಚದ ಮೇಲೆ, ನೀನು ಮಲಗುತ್ತಿದ್ದ ಕಡೆ ಜೋಡಿಸುತ್ತಿದ್ದೇನೆ.