ಅಧ್ಯಕ್ಷರ ಗುಟುಕು

ಸ್ಫಾಕ್ಸ್,
ಡಿಸೆಂಬರ್ ೧೪, ಭಾನುವಾರ

ಆಲಿವ್ ಎಣ್ಣೆ ರುಚಿಗಾರರ ಸಂಘದ ಮಾನ್ಯ ಅಧ್ಯಕ್ಷರೂ ನನ್ನ ಯಜಮಾನರೂ ಆದ ಮೋಂಜಿಯವರಿಗೆ ದಲಂದಾಳ ಪ್ರೀತಿಯ ಸಲಾಮು.

ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಿದ ಮೇಲೂ ಅದನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು ಅಳಿಯನ ಕೈಯಲ್ಲಿ ಚಹಾ ತರಿಸಿಕೊಳ್ಳುತ್ತಿದ್ದೀರಿ ಎಂದು ಬಸ್ಮಾ ಹೇಳಿದಳು. ದಿನಾ ನಡೀಬೇಕು ಎಂದ ಡಾಕ್ಟರಿಗೆ "ನನ್ನ ಪರವಾಗಿ ನೀವೇ ನಡ್ಕೊಳ್ಳಿ" ಎಂದಿರಂತೆ. ರೀ, ಅದು ಮಗಳ ಮನೆ, ನಿಮ್ಮ ಸಂಘವಲ್ಲ. ಟ್ಯೂನಿಸ್‌ನಲ್ಲಿ ಚಳಿ ಜಾಸ್ತಿ, ಉಣ್ಣೆಯ ಕಾಲುಚೀಲ ಹಾಕಿಕೊಳ್ಳಿ. ಖಾರದ ಹರಿಸಾ ಚಟ್ನಿ ಮುಟ್ಟಬೇಡಿ. ನಾನು ಗಟ್ಟಿಮುಟ್ಟಾಗಿದ್ದೇನೆ. ಪ್ರತಿ ಸಲ ಫೋನಿನಲ್ಲಿ ನನಗಿಂತ ಮೊದಲು ನೀವು ವಿಚಾರಿಸಿಕೊಳ್ಳುವ ನಿಮ್ಮ ಮೊಪೆಡ್ ಕೂಡ ಕ್ಷೇಮ. ನಿಮ್ಮ ಕಾಲು ಮುರಿದ ಆ ದರಿದ್ರಕ್ಕೆ ಒಂದು ಗೀರೂ ಬಿದ್ದಿಲ್ಲ.

ಇಷ್ಟು ಉದ್ದದ ಕಾಗದ ಯಾಕೆ, ಫೋನಿಲ್ಲವೇ ಎಂದು ಕೇಳುತ್ತೀರಿ. ಫೋನಿನಲ್ಲಿ ನನ್ನ ಮೊದಲ ವಾಕ್ಯ ಮುಗಿಯುವ ಮೊದಲೇ ನೀವು ಬಾಯಿ ಹಾಕುತ್ತೀರಿ. ಕಾಗದಕ್ಕೆ ಬಾಯಿ ಹಾಕಲು ಬರುವುದಿಲ್ಲ. ಕೂತು ಪೂರ್ತಿ ಓದಿ. ಬಸ್ಮಾಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ನಡುವೆ ನೀರು ಬೇಕಾಗಬಹುದು. ಅಂದ ಹಾಗೆ, ಹೋದ ವಾರ ಹಾಜಿ ನೂರಿಯವರ ಮಗನ ಕೈಯಲ್ಲಿ ಕಳಿಸಿದ ಹೆಸರಿಲ್ಲದ ಬಾಟಲಿಯ ಎಣ್ಣೆ ನಿಮಗೆ ಬಹಳ ಹಿಡಿಸಿತು ಎಂದು ತಿಳಿದು ಸಂತೋಷವಾಯಿತು. "ಯಾರೋ ಪುಣ್ಯಾತ್ಮರು ಮಾಡಿದ್ದಾರೆ! ಯಾರು ಅಂತ ಪತ್ತೆ ಮಾಡಿ ಮೊದಲು ಸಂಘಕ್ಕೆ ಸೇರಿಸ್ಕೋ ಅಂತ ನೂರಿಗೆ ಹೇಳು" ಎಂದು ಬಸ್ಮಾಳಿಗೆ ಅಪ್ಪಣೆ ಕೊಟ್ಟಿರಂತೆ. ಆಗಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಸಂಘದ ವಿಷಯ. ನಿಮಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಗೊತ್ತಿಲ್ಲದವರ ಹಾಗೆ ಕೂರುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಹಳೇ ಎಣ್ಣೆ ಪೇಟೆಯ ಮಹಡಿ ಕೋಣೆಯನ್ನು ನಿಮಗೆ ಬಿಟ್ಟುಕೊಟ್ಟಿರುವ ಟ್ರಸ್ಟಿನವರು ಬೇಸಿಗೆಯಲ್ಲೇ ಖಡಾಖಂಡಿತವಾಗಿ ಹೇಳಿದ್ದರು: ವರ್ಷ ಮುಗಿಯುವುದರೊಳಗೆ ಮೂವತ್ತೈದು ದಾಟದ ಸದಸ್ಯರು ಹತ್ತು ಮಂದಿಯಾದರೂ ಸೇರದಿದ್ದರೆ ಕೋಣೆ ಚೆಸ್ ಕ್ಲಬ್ಬಿಗೆ. ಆಗ ನಿಮ್ಮ ಸಂಘದಲ್ಲಿ ಎಲ್ಲರಿಗಿಂತ ಚಿಕ್ಕವರೆಂದರೆ ಹಾಜಿ ನೂರಿಯವರು, ಅವರಿಗೆ ಅರವತ್ತೊಂದು. "ನಮ್ಮ ಹುಡುಗ" ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದಿರಿ. ಯುವಕರನ್ನು ಸೆಳೆಯುತ್ತೇವೆಂದು ಕುರಿಮಾಂಸದ ಕೂಸ್‌ಕೂಸ್ ಮಾಡಿಸಿದಿರಿ. ಬಂದರು, ಉಂಡರು, ಕೈ ತೊಳೆದರು, ಹೋದರು. ಇನ್ನೊಂದು ದಿನ ಹಾಜಿಯವರು ಪೂರ್ವಿಕರ ಪರಂಪರೆಯ ಬಗ್ಗೆ ಭಾಷಣ ಮಾಡಿದರು. ಆ ದಿನ ಬಂದವರಲ್ಲಿ ಎಚ್ಚರವಾಗಿದ್ದದ್ದು ಮೈಕು ಒಂದೇ.

ಆಗ ನಾನು ಹೇಳಿದ್ದೆ, ನೆನಪಿದೆಯೇ? ಈ ಮಕ್ಕಳು ಹಗಲೆಲ್ಲ ದುಡಿಯುವವರು, ಒಬ್ಬಳು ರಫ್ತು ಕಂಪನಿಯ ಪ್ರಯೋಗಾಲಯದಲ್ಲಿ, ಒಬ್ಬ ಹೋಟೆಲಿನ ಅಡುಗೆಮನೆಯಲ್ಲಿ. ಸದಸ್ಯತ್ವ ಅಂದರೆ ಅವರಿಗೆ ಏನು ಸಿಗುತ್ತದೆ, ನಿಮ್ಮ ಜೊತೆ ಕೂತು ಮಂಡಿನೋವಿನ ಮಾತಾಡುವುದೇ? ಅವರಿಗೆ ಒಂದು ವಿದ್ಯೆ ಕಲಿಸಿ, ಪರೀಕ್ಷೆ ಮಾಡಿ, ಸರ್ಟಿಫಿಕೇಟ್ ಕೊಡಿ, ಅದು ಅವರ ಕೆಲಸಕ್ಕೂ ಬರುತ್ತದೆ, ತಾವಾಗಿಯೇ ಸೇರುತ್ತಾರೆ ಎಂದಿದ್ದೆ. ನೀವು ನಕ್ಕು, "ಕಾಗದ ನೆಕ್ಕಿದ್ರೆ ಎಣ್ಣೆ ರುಚಿ ಗೊತ್ತಾಗುತ್ತಾ? ಬೆಣ್ಣೆ ತಿಂದು ಬೆಳೆದ ಕೆಫ್ ಊರಿನವಳಿಗೆ ಯಾಕಮ್ಮ ಎಣ್ಣೆ ಉಸಾಬರಿ" ಎಂದಿರಿ. ಮದುವೆಯಾದ ವರ್ಷ ನಿಮ್ಮ ಮನೆ ಎಣ್ಣೆಗೆ ಮುಗ್ಗಲು ವಾಸನೆ ಇದೆಯಲ್ಲ ಎಂದಾಗಲೂ ಇದೇ ಮಾತು. ನಿಮ್ಮ ಅಮ್ಮನಂತೂ ನಾನು ಅವರ ಮಗನನ್ನೇ ಮುಗ್ಗಲು ಅಂದೆನೇನೋ ಎಂಬ ಹಾಗೆ ಮೂರು ದಿನ ಮಾತು ಬಿಟ್ಟಿದ್ದರು. ಆಮೇಲೆ ಸೆಪ್ಟೆಂಬರಿನಲ್ಲಿ ನೀವು ಮೊಪೆಡ್ಡಿನಿಂದ ಬಿದ್ದಿರಿ, ನಿಮ್ಮನ್ನು ಟ್ಯೂನಿಸ್‌ಗೆ ಕರೆದೊಯ್ದರು, ಸಂಘದ ಬೀಗದಕೈ ನನ್ನ ಕೈಗೆ ಬಂತು. ಮಾರನೇ ವಾರವೇ ನಾನು ಹಾಜಿಯವರನ್ನು ಒಪ್ಪಿಸಿ ತರಗತಿ ಶುರು ಮಾಡಿಸಿದೆ. ನಿಮಗೆ ಹೇಳಲಿಲ್ಲ. ಹೇಳಿದ್ದರೆ ಮುರಿದ ಕಾಲಿನಲ್ಲೇ ಓಡಿ ಬರುತ್ತಿದ್ದಿರಿ.

ಪ್ರತಿ ಗುರುವಾರ ಸಂಜೆ ಪಾಠ. ರಫ್ತು ಕಂಪನಿಯ ಹುಡುಗಿ ಯುಸ್ರಾ ತನ್ನ ಮೇಲಿನವರ ಹತ್ತಿರ ಮಾತಾಡಿ, ಸಂಘದ ಸರ್ಟಿಫಿಕೇಟ್ ಇದ್ದವರಿಗೆ ನಮ್ಮಲ್ಲಿ ಬಡ್ತಿಯಲ್ಲಿ ಆದ್ಯತೆ ಎಂದು ಬರೆಸಿಕೊಂಡೇ ಬಂದಳು. ಅಷ್ಟೇ ನೋಡಿ, ಕುರ್ಚಿ ಸಾಲದೆ ಕೆಳಗಿನ ಕಾಫಿ ಅಂಗಡಿಯಿಂದ ತರಿಸಬೇಕಾಯಿತು. ಹಾಜಿಯವರ ಮೊದಲ ಪಾಠ ನೀವು ನೋಡಬೇಕಿತ್ತು. ಬಣ್ಣ ಕಾಣಬಾರದೆಂದು ಕಡುನೀಲಿ ಲೋಟದಲ್ಲಿ ಎಣ್ಣೆ ಹಾಕಿ, ಅಂಗೈಯಲ್ಲಿ ಬೆಚ್ಚಗೆ ಮಾಡಿ, ಸೊರ್ರೆಂದು ಎಳೆದು ಕಣ್ಣುಮುಚ್ಚಿ, "ಇದು... ಇದು ಹಾಗೇ ಮಕ್ಕಳೇ!" ಎಂದರು. ಹೋಟೆಲಿನ ಹುಡುಗ ಸ್ಕಂದರ್ ಪೆನ್ನು ಹಿಡಿದುಕೊಂಡು, "ಹಾಗೇ ಅಂದ್ರೆ ಹೇಗೆ ಹಾಜಿ?" ಎಂದ. ಅಷ್ಟು ವರ್ಷ ಅವರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಪಾಪ, ಮನೆಗೆ ಹೋಗಿ ಯೋಚನೆ ಮಾಡಿ, ಮುಂದಿನ ವಾರ ಹಸಿರು ಬಾದಾಮಿ, ಕೊಯ್ದ ಹುಲ್ಲು, ಗಂಟಲಲ್ಲಿ ಮೆಣಸು ಎಂದು ಬೋರ್ಡಿನ ಮೇಲೆ ಬರೆಯತೊಡಗಿದರು. ಹೊಸ ಕನ್ನಡಕ ಮಾಡಿಸಿದರು. ಜೇಬಿನ ತುಂಬ ಸೀಮೆಸುಣ್ಣ. ಅವರ ಹೆಂಡತಿ ನನ್ನ ಹತ್ತಿರ, "ದಲಂದಾ, ನಮ್ಮನೆಯವರು ಹತ್ತು ವರ್ಷ ಚಿಕ್ಕೋರಾಗಿದ್ದಾರೆ ಕಣೇ, ನನಗೀಗ ಹೆದರಿಕೆ ಆಗ್ತಿದೆ" ಎಂದಳು.

ನವೆಂಬರಿನ ಕೊನೆಯ ಗುರುವಾರ ಪರೀಕ್ಷೆ ನಡೆಯಿತು. ಪಾಸಾದವರಿಗೆ ಸರ್ಟಿಫಿಕೇಟ್, ಜೊತೆಗೆ ಸದಸ್ಯತ್ವ. ಅಂದರೆ ಇವರು ಪಾಸಾದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಚೆಸ್ ಕ್ಲಬ್ಬಿನವರು ಅಳತೆ ಟೇಪು ಹಿಡಿದು ಮೆಟ್ಟಿಲಲ್ಲೇ ನಿಂತಿದ್ದರು. ಇಂಥ ದಿನ ನಿಮ್ಮ ಹಾಜಿಯವರಿಗೆ ಪ್ರೀತಿ ಉಕ್ಕಿತು. ಪ್ರತಿ ಸಭೆಯ ಆರಂಭದಲ್ಲಿ ನೀವು ಮನೆಯಿಂದ ತರುವ ಎಣ್ಣೆಯನ್ನು ಒಂದೊಂದು ಗುಟುಕು ಕುಡಿದು, ಒಳ್ಳೆಯದು ಕೆಟ್ಟದ್ದು ಏನೂ ಅನ್ನದೆ, ಎದೆಯ ಮೇಲೆ ಕೈಯಿಟ್ಟು, ದೇವರ ಕೃಪೆಯೇ ಗಂಟಲಿಗಿಳಿದ ಹಾಗೆ "ಬರಕತ್ತು" ಎನ್ನುವ ಪದ್ಧತಿ ಇದೆಯಲ್ಲ, ಅಧ್ಯಕ್ಷರ ಗುಟುಕು. ನೀವಿಲ್ಲದೆ ಅದು ನಿಂತುಹೋಗಿತ್ತು. ದೂರದಲ್ಲಿರುವ ಅಧ್ಯಕ್ಷರಿಗೆ ಗೌರವ ಸಲ್ಲಲಿ ಎಂದು ಅವರು ಯಾರಿಗೂ ಹೇಳದೆ, ನೀವು ಬಿಟ್ಟುಹೋದ ಡಬ್ಬಿಯಿಂದ ಮೂರನೇ ಲೋಟಕ್ಕೆ ನಿಮ್ಮ ಎಣ್ಣೆಯನ್ನೇ ಸುರಿದು, ತಮ್ಮ ಉತ್ತರದ ಹಾಳೆಯಲ್ಲಿ ಅದರ ಮುಂದೆ "ಅತ್ಯುತ್ತಮ" ಎಂದು ಬರೆದಿಟ್ಟುಕೊಂಡರು. ಮೂರನೇ ಲೋಟದಲ್ಲಿ ತಪ್ಪಿದವರು ಫೇಲು ಎಂಬ ನಿಯಮವನ್ನೂ ತಾವೇ ಮಾಡಿದರು.

ರೀ, ನೀರು ಕುಡಿಯಿರಿ. ಪರೀಕ್ಷೆ ಬರೆದವರು ಒಬ್ಬರೂ ಬಿಡದೆ ಮೂರನೇ ಲೋಟದ ಮುಂದೆ "ಕೆಟ್ಟಿದೆ" ಎಂದು ಬರೆದಿದ್ದರು.

ಹಾಜಿಯವರ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. "ಮಕ್ಕಳೇ, ಅದು ಅಧ್ಯಕ್ಷರ ಎಣ್ಣೆ! ಅದನ್ನ ಕೆಟ್ಟದ್ದು ಅಂದೋರಿಗೆ ಸರ್ಟಿಫಿಕೇಟ್ ಕೊಟ್ಟು ನಾನು ಮೋಂಜಿ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?" ಎಂದರು. ಸ್ಕಂದರ್ ಎದ್ದುನಿಂತ. "ಯಾರ ಎಣ್ಣೆ ಅಂತ ಕೇಳ್ಬೇಡಿ, ಮೂಗು ಹೇಳಿದ್ದನ್ನ ಬರೀರಿ ಅಂತ ಕಲಿಸಿದ್ದು ನೀವೇ ಅಲ್ವಾ ಹಾಜಿ? ಬರೆದ್ವಿ. ಈಗ ಮೂಗು ಕುಯ್ತೀರಾ?" ಉಳಿದ ಹಿರಿಯರು ಕೂಗಾಡಿದರು, ಹುಡುಗರು ಕೋಟು ಹಾಕಿಕೊಳ್ಳತೊಡಗಿದರು. ಯುಸ್ರಾ ಮಾತ್ರ ಕೂತಲ್ಲೇ ಕೂತು ತನ್ನ ಉತ್ತರವನ್ನು ಗಟ್ಟಿಯಾಗಿ ಓದಿದಳು: "ಕಾಯಿಗಳನ್ನು ಮುಚ್ಚಿದ ಕೋಣೆಯಲ್ಲಿ ವಾರಗಟ್ಟಲೆ ರಾಶಿ ಹಾಕಿ ಬೆವರಿಸಿದ್ದಾರೆ. ಪಕ್ಕದಲ್ಲೇ ಪೆಟ್ರೋಲು ಇತ್ತು." ಹಿರಿಯರೆಲ್ಲ ಗೊಳ್ಳೆಂದು ನಕ್ಕರು. "ಪೆಟ್ರೋಲಂತೆ! ಅಧ್ಯಕ್ಷರ ಮನೆ ಏನು ಬಂಕಾ?" ಎಂದು ಹಾಜಿಯವರು ಹಿಂದಿನ ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಿ, "ತಂಗೀ, ನೀವೇ ಹೇಳಮ್ಮ ಈ ಹುಡುಗಿಗೆ" ಎಂದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಒಂದು ಕಡೆ ನೀವು, ಇನ್ನೊಂದು ಕಡೆ ನೀವು ಕಟ್ಟಿದ ಸಂಘ. ಹೌದೆಂದರೆ ಊರಿನಲ್ಲಿ ನಿಮ್ಮ ಮರ್ಯಾದೆ ಹೋಗುತ್ತದೆ, ಇಲ್ಲವೆಂದರೆ ಈ ಮಕ್ಕಳು ಹೋಗುತ್ತಾರೆ. ಮಕ್ಕಳ ಹಿಂದೆಯೇ ಆ ಕೋಣೆ, ಆ ನೀಲಿ ಲೋಟಗಳು, ಗುರುವಾರ ಬಂತೆಂದರೆ ನಿಮ್ಮ ಮುಖದಲ್ಲಿ ಬರುವ ಕಳೆ ಎಲ್ಲ ಹೋಗುತ್ತದೆ. ಕೋಣೆ ಹೋದರೆ ವಾರಪೂರ್ತಿ ನೀವು ಮನೆಯಲ್ಲೇ ಇರುತ್ತೀರಿ ಎಂಬುದೂ ಹೊಳೆಯಿತು, ಸುಳ್ಳೇಕೆ ಹೇಳಲಿ. "ಉಗ್ರಾಣದಲ್ಲಿ ರಾಶಿ ಹಾಕೋದು ಮಾವನವರ ಕಾಲದ ಪದ್ಧತಿ," ಎಂದೆ. "ಪೆಟ್ರೋಲು ಮೊಪೆಡ್ಡಿಂದು. ಮಳೆಗೆ ನೆನೆಯುತ್ತೆ ಅಂತ ಎಣ್ಣೆ ಜಾಡಿ ಪಕ್ಕದಲ್ಲೇ ನಿಲ್ಲಿಸ್ತಾರೆ. ಟ್ಯಾಂಕ್ ಸೋರುತ್ತೆ."

ಹಾಜಿಯವರು ಮೂರನೇ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಎದೆಯ ಮೇಲೆ ಕೈಯಿಡಲಿಲ್ಲ. ಬೆಚ್ಚಗೆ ಮಾಡಿ, ಮೂಸಿ, ಎಳೆದು, ಬಹಳ ಹೊತ್ತು ಕಣ್ಣುಮುಚ್ಚಿ ಕೂತರು. ಆಮೇಲೆ, "ಅಯ್ಯಯ್ಯೋ! ಇಷ್ಟು ವರ್ಷ ಮೊಪೆಡ್ ಕುಡಿದು ಬರಕತ್ತು ಅಂದ್ವಲ್ಲೋ!" ಎಂದರು. ಮೊದಲು ನಕ್ಕವನು ಸ್ಕಂದರ್, ಆಮೇಲೆ ಹಾಜಿಯವರು ತಾವೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿಮ್ಮ ಮೇಲೆ ಯಾರಿಗೂ ಕೋಪವಿಲ್ಲ, ಚಿಂತೆ ಮಾಡಬೇಡಿ. "ಇಂಥ ಮೂಗುಗಳು ಸಿಗೋ ಹಾಗೆ ಮಾಡಿದ್ದು ಮೋಂಜಿ ಎಣ್ಣೆನೇ. ಒಳ್ಳೆ ಎಣ್ಣೆ ಹಾಕಿದ್ದಿದ್ರೆ ಎಲ್ಲರೂ ಅತ್ಯುತ್ತಮ ಅಂತ ಕಾಪಿ ಹೊಡೀತಿದ್ರು" ಎಂದು ಹಾಜಿಯವರು ನಿಮ್ಮ ಪರ ವಹಿಸಿಕೊಂಡರು.

ಎಲ್ಲರೂ ಪಾಸು. ಹದಿನಾಲ್ಕು ಮಂದಿ ಯುವಕರು ಈಗ ಸದಸ್ಯರು. ಟ್ರಸ್ಟಿನವರಿಗೆ ಹೆಸರುಗಳು ಮುಟ್ಟಿವೆ, ಚೆಸ್ ಕ್ಲಬ್ಬಿನವರು ಟೇಪು ಸುತ್ತಿಕೊಂಡು ಹೋದರು. ಆದರೆ ಹೊಸಬರು ಸುಮ್ಮನಿರುವ ಜಾತಿಯಲ್ಲ. ಮೊದಲ ಸಭೆಯಲ್ಲೇ ಯುಸ್ರಾ, ಪರೀಕ್ಷೆ ಬರೆಯದವರು ಪದಾಧಿಕಾರಿ ಆಗಬಾರದು, ಹಿರಿಯರೂ ಬರೆಯಲಿ ಎಂದಳು. ಹಾಜಿಯವರು ಎಲ್ಲರಿಗಿಂತ ಮೊದಲು ಬರೆದು ಪಾಸಾಗಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತಮ್ಮ ಅಂಗಡಿಯಲ್ಲಿ ತೂಗುಹಾಕಿದ್ದಾರೆ. ಇಬ್ಬರು ಹಿರಿಯರು ಫೇಲಾಗಿ ಈಗ ಸ್ಕಂದರ್ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ, ತಡವಾಗಿ ಬಂದರೆ ಬೈಸಿಕೊಳ್ಳುತ್ತಾರೆ ಕೂಡ. ಅಧ್ಯಕ್ಷರಿಗೊಬ್ಬರಿಗೆ ವಿನಾಯಿತಿ ಇರಲಿ ಎಂದು ಹಾಜಿಯವರು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಒಬ್ಬರು ಮಾತ್ರ ಕೂಡದು ಎಂದರು. ಆ ಒಬ್ಬರು ಯಾರೆಂದು ಕೇಳಬೇಡಿ.

ಕೋಪ ಬಂದಿದ್ದರೆ ಬರಲಿ, ಎರಡು ದಿನದಲ್ಲಿ ಇಳಿಯುತ್ತದೆ, ನನಗೆ ಗೊತ್ತಿಲ್ಲದ ಕೋಪವೇ? ಆದರೆ ಮನೆಗೆ ಬನ್ನಿ. ನೀವಿಲ್ಲದೆ ಊಟದ ಹೊತ್ತಿಗೆ ಜಗಳವಾಡಲು ಯಾರೂ ಇಲ್ಲ, ಬ್ರೆಡ್ಡು ಗಂಟಲಲ್ಲಿ ಇಳಿಯುತ್ತಿಲ್ಲ. ಬಸ್ಮಾಳಿಗೆ ಮುತ್ತು, ಅಳಿಯನಿಗೆ ಆಶೀರ್ವಾದ ಮತ್ತು ನನ್ನ ಸಹಾನುಭೂತಿ. ಅಲ್ಲಾಹ್ ನಿಮ್ಮ ಕಾಲಿಗೆ ಬಲ ಕೊಡಲಿ, ಕಿವಿಗೆ ಸಹನೆ ಕೊಡಲಿ.

ಎಂದೆಂದೂ ನಿಮ್ಮ,
ದಲಂದಾ

ಮರೆತಿದ್ದೆ. ಈ ಕಾಗದ ಒಯ್ಯುವ ಟ್ಯಾಕ್ಸಿಯವನು ಕೆಳಗೆ ಹಾರ್ನ್ ಬಾರಿಸುತ್ತಿದ್ದಾನೆ, ಚುಟುಕಾಗಿ ಬರೆಯುತ್ತೇನೆ. ಆ ಹೆಸರಿಲ್ಲದ ಬಾಟಲಿಯ ಎಣ್ಣೆ ನಮ್ಮದೇ, ನಿಮ್ಮ ಅಪ್ಪ ನೆಟ್ಟ ಮರಗಳದ್ದೇ. ಈ ವರ್ಷ ಕಾಯಿಯನ್ನು ರಾಶಿ ಹಾಕದೆ, ಕೊಯ್ದ ದಿನವೇ ಗಾಣಕ್ಕೆ ಕಳಿಸಿದೆ. ಮೊಪೆಡ್ ಅಂಗಳದಲ್ಲಿದೆ, ಹಳೇ ಕಂಬಳಿ ಹೊದಿಸಿದ್ದೇನೆ. ಅಂದರೆ ನಿಮ್ಮ ನಾಲಿಗೆ ಸರಿಯಾಗಿಯೇ ಇದೆ ರೀ, ನಮ್ಮ ಮನೆಯ ಹೊಸ್ತಿಲು ದಾಟಿದಾಗ ಮಾತ್ರ ಅದಕ್ಕೆ ನಾಚಿಕೆ. ಅದನ್ನು ಮಾಡಿದವರನ್ನು ಸಂಘಕ್ಕೆ ಸೇರಿಸಿ ಎಂದಿರಲ್ಲ, ನವೆಂಬರಿನ ಆ ಗುರುವಾರವೇ ಸೇರಿಯಾಯಿತು, ನಿಮ್ಮ ಶಿಫಾರಸಿನಿಂದಲ್ಲ, ಪರೀಕ್ಷೆ ಬರೆದು. ನನ್ನ ವಯಸ್ಸು ಟ್ರಸ್ಟಿನ ಲೆಕ್ಕಕ್ಕೆ ಬರುವುದಿಲ್ಲ, ಸರ್ಟಿಫಿಕೇಟ್ ಮಾತ್ರ ನಿಮ್ಮ ಅಮ್ಮನ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದೇನೆ. ನಿಮ್ಮ ಪರೀಕ್ಷೆ ಜನವರಿಯ ಮೊದಲ ಗುರುವಾರ. ಪರೀಕ್ಷಕರು ಯಾರೆಂದು ಚೀಟಿ ಎತ್ತಿದರು, ನನ್ನ ಹೆಸರು ಬಂತು. ಮೂಗು ಕೆಡಿಸುವ ನಿಮ್ಮ ಮಲ್ಲಿಗೆ ಅತ್ತರು ಬಳಿದುಕೊಂಡು ಬಂದರೆ ಬಾಗಿಲಿನಿಂದಲೇ ವಾಪಸು ಕಳಿಸುತ್ತೇನೆ. ಫೇಲಾದರೆ ಹೆದರಬೇಡಿ, ಮನೆಯಲ್ಲಿ ನಿಮ್ಮ ಸದಸ್ಯತ್ವಕ್ಕೆ ಪರೀಕ್ಷೆ ಇಲ್ಲ.