ಕೆಳಗಿನ ಪದರದಲ್ಲಿ ನಿನ್ನ ದನಿ

ಗೋಪನಕೊಪ್ಪದ ದಾಕ್ಷಾಯಿಣಿಗೆ, ಬೆಂಗೇರಿಯಿಂದ ಕರುಣಾ ಬರೆಯುವುದು.

ನಿನ್ನ ದನಿಯನ್ನು ಯಂತ್ರದಿಂದ ತೆಗೆದಿದ್ದೇನೆ ಎಂದು ದೀಪಾವಳಿಗೆ ಮೊದಲು ನಿನಗೆ ತಿಳಿಸಿದ್ದೆ. ಅದು ನಿಜವಾಗಿರಲಿಲ್ಲ. ಬೇಕೆಂದು ಸುಳ್ಳು ಹೇಳಿದ್ದಲ್ಲ, ನನಗೇ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯಿತು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಮಾತಾಡಬೇಕಾಗುತ್ತದೆ, ನಾನು ಕೇಳಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮುಗದದಲ್ಲಿ ಬೀರಪ್ಪ ಕಾಕಾನ ಹಿಟ್ಟಿನ ಗಿರಣಿಯ ಮೂಲೆಯಲ್ಲಿ ನೀನು, ನಾನು, ರಿಯಾಜ ಸೇರಿ ಆ ಹಳೆಯ ಕಂಪ್ಯೂಟರ್ ಇಟ್ಟದ್ದು ನಿನಗೆ ನೆನಪಿರುತ್ತದೆ. ಹುಬ್ಬಳ್ಳಿ ಪೇಟೆಯ ಹತ್ತಿ, ಸೋಯಾ ದರ ಆಯಾ ದಿನವೇ ಊರಿಗೆ ಮುಟ್ಟಬೇಕು. ದರ ತಿಳಿಯದವನು ತನ್ನ ಬೆಳೆಯನ್ನು ಮಾರುವುದಿಲ್ಲ, ಒಪ್ಪಿಸುತ್ತಾನೆ ಎಂದು ನಾನು ಹಳದಿ ಕರಪತ್ರದಲ್ಲಿ ಬರೆದಿದ್ದೆ. ನೀನು ಅದನ್ನು ಓದಿ ಮಡಚಿಟ್ಟು, "ಲೇ ಕರುಣಾ, ಓದಾಕ ಬರದವರ ಸಲುವಾಗಿ ಇಷ್ಟುದ್ದ ಬರದೀಯಲ್ಲ, ಓದಾವ್ರು ಯಾರು?" ಅಂದೆ. ನನಗೆ ಸಿಟ್ಟು ಬಂತು. ಮರುದಿನವೇ ನಾವು ದರವನ್ನು ದನಿಯಲ್ಲಿ ಹೇಳಿಸುವುದೆಂದು ತೀರ್ಮಾನಿಸಿದೆವು. ಬೆಂಗೇರಿಯ ನಮ್ಮ ಕೋಣೆಯ ಫ್ಯಾನ್ ಬಂದ್ ಮಾಡಿ, ಬೆವರು ಒರೆಸಿಕೊಳ್ಳುತ್ತ, ಅಂಕಿಗಳನ್ನೆಲ್ಲ ನೀನು ಒಂದೊಂದಾಗಿ ಹೇಳಿದೆ. ಅವನ್ನು ಜೋಡಿಸಿ ಗಿರಣಿಯ ಯಂತ್ರ ದಿನದ ದರ ಕೂಗತೊಡಗಿತು.

ನಿಮ್ಮಪ್ಪ ಮಹಾಂತಯ್ಯನವರು ಅದೇ ಪೇಟೆಯ ಹತ್ತಿ ವ್ಯಾಪಾರಿಗಳು ಎಂಬುದನ್ನು ನಾವು ಮರೆತಿರಲಿಲ್ಲ. ದನಿಗೆ ಹೆಸರಿಲ್ಲವಲ್ಲ ಎಂದುಕೊಂಡಿದ್ದೆವು. ಆದರೆ ಚಿಕ್ಕಂದಿನಿಂದ ಮಠದಲ್ಲಿ ವಚನ ಹಾಡಿದ ದನಿ ಅದು. ಪೇಟೆಗೆ ಹತ್ತಿ ತರುವ ಮುಗದದ ಮಂದಿಗೆ ಗುರುತು ಹಿಡಿಯಲು ತಡವಾಗಲಿಲ್ಲ. "ಮಹಾಂತಯ್ಯಾರ, ಮೊದಲ ನಿಮ್ಮ ಮಗಳನ್ನ ಕೇಳಿ ಬರ್ತೇವ್ರಿ, ಆಮ್ಯಾಲೆ ನಿಮ್ಮ ತಕ್ಕಡಿಗೆ ಬರ್ತೇವಿ" ಎಂದು ಅಂಗಡಿಯ ಮುಂದೆ ನಿಂತು ನಗತೊಡಗಿದರು. ನೀನು ನಮ್ಮ ಕೋಣೆಗೆ ಬಂದು ಹೊಸ್ತಿಲಲ್ಲೇ ನಿಂತು ಹೇಳಿದೆ: "ಅಪ್ಪಾಗ ಊಟ ಸೇರವಲ್ದು. ನನ್ನ ದನಿ ತಗದಬಿಡ್ರಿ. ವಾದ ಮಾಡಬ್ಯಾಡ, ಕರುಣಾ." ನಾನು ವಾದ ಮಾಡಲಿಲ್ಲ. ಅಂದಿನಿಂದ ನೀನು ಬಂದಿಲ್ಲ.

ತೆಗೆದೆ. ರಿಯಾಜ ಎಲ್ಲಿಂದಲೋ ಸಿದ್ಧ ಯಂತ್ರದ ದನಿ ತಂದು ಕೂಡಿಸಿದ. ಬೀರಪ್ಪ ಕಾಕಾ ಕೇಳಿ, "ಯಾರವಾ ಇಂವಾ? ಮೂಗಿನ್ಯಾಗ ಹತ್ತಿ ಇಟ್ಕೊಂಡು ಮಾತಾಡಾಕತ್ತಾನ" ಅಂದ. ಆದರೂ ನಡೆಯಿತು. ಆಮೇಲೆ ಇನ್ನೊಂದು ತೊಂದರೆ ಶುರುವಾಯಿತು.

ನಾವು ಒಂದೇ ಸಾಲು ಬದಲಿಸಿದರೂ ನಮ್ಮ ಕೋಣೆಯ ಯಂತ್ರ ತಾನಾಗಿಯೇ ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಎಲ್ಲವನ್ನೂ ಒಂದು ಗಂಟಾಗಿ ಕಟ್ಟಿ, ಒತ್ತಿ ಕುಗ್ಗಿಸಿ, ಮುಗದಕ್ಕೆ ಕಳಿಸುತ್ತದೆ. ಆ ಗಂಟಿಗೆ ಕಂಟೇನರ್ ಇಮೇಜ್ ಎನ್ನುತ್ತೇವೆ, ನಿನಗೆ ಗೊತ್ತು. ಪ್ರತಿ ಸಲ ಬುಡದಿಂದಲೇ ಕಟ್ಟುವುದರಿಂದ ಪ್ರತಿ ಸಲ ಪೂರ್ತಿ ಗಂಟೇ ಹೋಗಬೇಕು. ಮುಗದದ ಇಂಟರ್ನೆಟ್ ಲೈನ್ ಸಣ್ಣದು, ಹೊಸ ದನಿ ಸೇರಿದ ಮೇಲೆ ಗಂಟು ಇನ್ನೂ ದಪ್ಪ. ಗಂಟು ಇಳಿಯುವವರೆಗೆ ಆ ದಿನದ ದರ ಒಳಗೆ ಬರಲು ದಾರಿಯಿಲ್ಲ. ಕಳೆದ ವಾರ ಊರಿನವರು ಹಳೆಯ, ಕಡಿಮೆ ದರ ಕೇಳಿಕೊಂಡು ಹತ್ತಿ ತೂಗಿಸಿಬಿಟ್ಟರು. "ನಮ್ಮ ಯಂತ್ರನೂ ದಲಾಲಿ ಆತಲ್ಲವಾ" ಎಂದು ಕಾಕಾ ಫೋನಿನಲ್ಲಿ ಹೇಳಿದ. ನಗಲಿಲ್ಲ.

ರಿಯಾಜ ಕುಗ್ಗಿಸುವ ವಿಧಾನ ಬದಲಿಸಿದ, ಹೊಸದೊಂದು ತಂದ, ಅದನ್ನು ಇನ್ನಷ್ಟು ಬಿಗಿ ಮಾಡಿದ. ಗಂಟು ಅಷ್ಟೇ ದಪ್ಪ. ಕೊನೆಗೆ ನಿನ್ನೆ ಅದನ್ನು ಪದರ ಪದರವಾಗಿ ಬಿಚ್ಚಿದೆವು. ಎಲ್ಲಕ್ಕಿಂತ ಕೆಳಗೆ ನೀನಿದ್ದೆ. ಎಲ್ಲ ಅಂಕಿಗಳೂ ಇದ್ದವು, ಒಂದೂ ಹೋಗಿರಲಿಲ್ಲ. ಧ್ವನಿಯ ಕಡತಗಳು ಮೊದಲೇ ಕುಗ್ಗಿಸಿಟ್ಟಂಥವು, ಮತ್ತೆ ಎಷ್ಟು ಒತ್ತಿದರೂ ಕುಗ್ಗುವುದಿಲ್ಲ.

ನಿಮ್ಮವ್ವ ರತ್ನವ್ವನವರು ಕೌದಿ ಹೊಲಿಯುವಾಗ ಹರಿದ ಸೀರೆಯ ಮೇಲೆ ಹೊಸ ತುಂಡಿಟ್ಟು ಹೊಲಿಯುತ್ತಾರಲ್ಲ. ಹರಿದದ್ದು ಕಾಣುವುದಿಲ್ಲ, ಆದರೆ ಒಳಗಿರುತ್ತದೆ, ಅದರ ಭಾರವೂ ಕೌದಿಯಲ್ಲಿರುತ್ತದೆ. ಗಂಟಿನ ಪದರಗಳೂ ಹಾಗೆಯೇ. ಮೇಲಿನ ಪದರದಲ್ಲಿ ಅಳಿಸಿದರೆ ಕೆಳಗಿನದು ಕಾಣದಾಗುತ್ತದೆ, ಅಷ್ಟೇ. ನಾನು ಮೇಲಿನ ಪದರದಲ್ಲಿ ಅಳಿಸಿ ನಿನಗೆ ತೆಗೆದಿದ್ದೇನೆ ಎಂದಿದ್ದೆ. ಇಷ್ಟು ದಿನವೂ ನೀನು ಮಾತಾಡದೆ ಮುಗದಕ್ಕೆ ಹೋಗಿ ಬರುತ್ತಿದ್ದೆ.

ರಿಯಾಜ "ಒಂದು ಕಾಪಿ ಇಟ್ಕೊಳ್ಳೋಣೇನು? ಯಾರಿಗೆ ಕೇಳತೈತಿ? ನಾಳೆ ದಾಕ್ಷಿ ಮನಸ್ಸು ಬದಲಿ ಮಾಡಿದ್ರ?" ಅಂದ. ಹೆಡ್‌ಫೋನ್ ತೆಗೆದು ನನ್ನ ಮುಂದಿಟ್ಟ.

ನಾನು ಅದನ್ನು ಹಾಕಿಕೊಳ್ಳಲಿಲ್ಲ. ಜನರಿಂದ ಪಡೆದದ್ದು ಜನರದೇ, ಕೇಳಿದ ದಿನ ಮರಳಿಸಬೇಕು ಎಂದು ಅದೇ ಹಳದಿ ಕಾಗದದಲ್ಲಿ ಬರೆದವಳು ನಾನು. ಅದು ಸರಕಾರಕ್ಕೆ, ಕಂಪನಿಗಳಿಗೆ ಹೇಳಿದ್ದು, ನನಗಲ್ಲ ಎನ್ನಲು ಬರುವುದಿಲ್ಲ. ನಿಮ್ಮಪ್ಪನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ದರ ಕೇಳಿ ಬಂದ ರೈತನ ಮುಂದೆ ತಕ್ಕಡಿ ಹಿಡಿಯಲು ವ್ಯಾಪಾರಿಗೆ ನಾಚಿಕೆಯೇಕೆ ಎಂದು ಈಗಲೂ ಕೇಳುತ್ತೇನೆ. ಆದರೆ ಅದು ನನ್ನ ಜಗಳ. ದನಿ ನಿನ್ನದು.

ಕಟ್ಟುವ ಕ್ರಮವನ್ನೇ ಬದಲಿಸಿ, ನಿನ್ನ ದನಿಯನ್ನು ಬುಡದಲ್ಲೇ ಸೇರಿಸದೆ ಮತ್ತೆ ಕಟ್ಟಿಸಿದೆ. ನಮ್ಮಲ್ಲಿದ್ದ ಹಳೆಯ ಗಂಟುಗಳನ್ನೂ ಮೂಲ ಧ್ವನಿಮುದ್ರಣವನ್ನೂ ಅಳಿಸಿದೆ. ಹೊಸದು ಅರ್ಧಕ್ಕಿಂತ ಹಗುರಾಗಿತ್ತು. ಪರದೆಯ ಮೇಲೆ ಹಸಿರು ಗುರುತು ಬಂತು. ನನಗೆ ಏನೂ ಅನ್ನಿಸಲಿಲ್ಲ. ಚಹಾ ಆರಿತ್ತು, ಕುಡಿದೆ. ಫ್ಯಾನ್ ತಿರುಗುತ್ತಿತ್ತು, ಅದನ್ನು ನೋಡುತ್ತ ಕೂತೆ.

ಇವತ್ತು ಬೆಳಗ್ಗೆ ಮುಗದಕ್ಕೆ ಹೋಗಿ ಗಿರಣಿಯ ಯಂತ್ರದಲ್ಲಿದ್ದ ಹಳೆಯ ಗಂಟುಗಳನ್ನೂ ಅಳಿಸಿದೆ. "ಈ ಸಲ ಭಾಳ ಲಗೂ ಬಂತವಾ, ಏನ ತಗದ್ರಿ?" ಎಂದು ಬೀರಪ್ಪ ಕಾಕಾ ಕೇಳಿದ. ಬೇಡದ್ದು ಎನ್ನಲು ಬಾಯಿ ಬರಲಿಲ್ಲ. "ನಮ್ಮದಲ್ಲದ್ದು, ಕಾಕಾ" ಅಂದೆ. ಅವನು ಹಿಟ್ಟಿನ ಕೈ ಒರೆಸಿಕೊಂಡು, "ಆ ಹುಡಿಗಿ ಆರಾಮ ಅದಾಳಿಲ್ಲೋ?" ಅಂದ. ಇದ್ದಾಳೆ ಎಂದೆ. ನನಗೆ ಗೊತ್ತಿಲ್ಲ.

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ. ದೀಪಾವಳಿಗೆ ಮೊದಲು ಹೇಳಿದ ಮಾತು ಇವತ್ತು ನಿಜವಾಗಿದೆ ಎಂದು ತಿಳಿಸುವುದಷ್ಟೇ ಇತ್ತು. ಈಗ ನಿನ್ನ ದನಿ ನಿನ್ನ ಹತ್ತಿರ ಮಾತ್ರ ಇದೆ.

ನಿಮ್ಮಪ್ಪನಿಗೆ ಊಟ ಸೇರಲಿ.

ಕರುಣಾ